ಲ್ಯಾಬ್ರಡಾರ್ ನಾಯಿಯ ಗುಣ ಮತ್ತು ಮನೆಗೆ ಬರುವ ಸೇವಾ ನಾಯಿ
(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿಯ ಬರಹ ರೂಪ)



ಸಂಘದ ಸಭೆಯಲ್ಲಿ ನಾಯಿಯ ವಿಷಯವಾ ಅಂತ ನಿಮಗೆ ನಗು ಬರಬಹುದು. ಉಳಿತಾಯ, ಸಾಲ ಮರುಪಾವತಿ, ಮಲ್ಲಿಗೆ ಕೃಷಿ, ಮಕ್ಕಳ ಶಾಲೆ ಎಲ್ಲ ಬಿಟ್ಟು ನಾಯಿಯೇ? ಆದರೆ ಈ ವಿಷಯವನ್ನು ಆರಿಸಿದ್ದು ನಾವಲ್ಲ, ನೀವೇ. ಕಣ್ಣು ಕಾಣದ ಮಕ್ಕಳಿರುವ ಮನೆಗಳಿಂದ ನಮಗೆ ಒಂದೇ ಪ್ರಶ್ನೆ ಬರುತ್ತಾ ಉಂಟು: "ಫಾರಿನ್‌ನಲ್ಲಿ ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿ ಇದೆಯಂತೆ, ಟೀವಿಯಲ್ಲಿ ನೋಡಿದ್ದೇವೆ. ಅದು ಲ್ಯಾಬ್ರಡಾರ್ ಜಾತಿಯದ್ದಂತೆ. ಸಂಘದಿಂದ ಸಾಲ ತೆಗೆದು ಒಂದು ಮರಿ ತಂದರೆ ಆಗ್ತದಾ?" ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಬಹುದಿತ್ತು. ಆದರೆ ಸಾಲದ ಮಾತು ಬಂದ ಮೇಲೆ ವಿಷಯವನ್ನು ಬುಡದಿಂದ ತಿಳಿದುಕೊಳ್ಳುವುದು ಒಳ್ಳೆಯದು.

ನಿಮ್ಮಲ್ಲಿ ಮೀನುಗಾರರ ಮನೆಯವರಿಗೆ ಈ ನಾಯಿಯ ಕಥೆ ಹತ್ತಿರದ್ದೇ. ಹೆಸರು ಲ್ಯಾಬ್ರಡಾರ್ ಆದರೂ ಇದರ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪ. ಅಲ್ಲಿನ ಮೀನುಗಾರರ ಜೊತೆ ದೋಣಿಯಲ್ಲಿ ಹೋಗುವುದು, ಗಾಳದಿಂದ ಕಳಚಿದ ಮೀನನ್ನು ಹಿಡಿದು ತರುವುದು, ಕೊರೆಯುವ ನೀರಿಗೆ ಹಾರಿ ಬಲೆಯ ಹಗ್ಗ ಎಳೆದು ಕೊಡುವುದು ಇದರ ಪೂರ್ವಜರ ಕೆಲಸವಾಗಿತ್ತು. 19ನೇ ಶತಮಾನದಲ್ಲಿ ಮೀನಿನ ಹಡಗುಗಳಲ್ಲಿ ಇವು ಇಂಗ್ಲೆಂಡಿಗೆ ಬಂದವು. ಬೇಟೆಯಲ್ಲಿ ಬಿದ್ದ ಹಕ್ಕಿಗಳನ್ನು ಹೆಕ್ಕಿ ತರಲಿಕ್ಕೆ ಅಲ್ಲಿನ ಶ್ರೀಮಂತರು ಸಾಕಿದರು. 1903ರಲ್ಲಿ ಇಂಗ್ಲೆಂಡಿನ ಕೆನಲ್ ಕ್ಲಬ್ ಇದನ್ನು ಪ್ರತ್ಯೇಕ ತಳಿ ಎಂದು ಒಪ್ಪಿಕೊಂಡಿತು. ಕಪ್ಪು, ಹಳದಿ, ಚಾಕೊಲೇಟು, ಹೀಗೆ ಮೂರು ಬಣ್ಣ. ನೀರು ಒಳಗಿಳಿಯದ ಎರಡು ಪದರದ ಕೂದಲು, ಬುಡದಲ್ಲಿ ದಪ್ಪಗಿನ ಬಾಲ.

ಮಾಡಿದ ಕೆಲಸವೇ ಗುಣವಾಗಿ ಉಳಿಯಿತು ಎಂದು ಹೇಳಬಹುದು. ಚಿಕ್ಕ ದೋಣಿಯಲ್ಲಿ ನಾಲ್ಕು ಜನರ ಕಾಲ ಬುಡದಲ್ಲಿ ಇಡೀ ದಿನ ಕೂರುವ ನಾಯಿ ಜಗಳಗಂಟಿ ಆದರೆ ನಡೀತದಾ? ಹೆಕ್ಕಿ ತರುವ ಮೀನನ್ನೋ ಹಕ್ಕಿಯನ್ನೋ ಹರಿದು ತಿನ್ನುವ ನಾಯಿ ಯಾರಿಗೆ ಬೇಕು? ಹಾಗಾಗಿ ಬಾಯಿ ಮೆದುವಾದ, ಜನರ ಸಹವಾಸ ಬಯಸುವ, ಕೈಗೆ ತಂದು ಕೊಟ್ಟು ಮುಖ ನೋಡುವ ನಾಯಿಗಳನ್ನೇ ತಲೆಮಾರುಗಳ ಕಾಲ ಆರಿಸಿ ಬೆಳೆಸಿದರು. ಬೊಗಳಿ ಹೆದರಿಸುವ ಕಾವಲು ನಾಯಿ ಬೇಕಾದವರಿಗೆ ಇದು ನಿರಾಸೆಯೇ. ಕಳ್ಳನಿಗೂ ಬಾಲ ಆಡಿಸೀತು!

ಇನ್ನು ಬುದ್ಧಿ. ಕೆನಡಾದಲ್ಲಿ ಪ್ರಾಧ್ಯಾಪಕರಾಗಿದ್ದ ಸ್ಟ್ಯಾನ್ಲಿ ಕೋರೆನ್ ಎಂಬ ಮನಶ್ಶಾಸ್ತ್ರಜ್ಞರು 1994ರಲ್ಲಿ ನಾಯಿಗಳ ಬುದ್ಧಿಯ ಬಗ್ಗೆ ಒಂದು ಪುಸ್ತಕ ಬರೆದರು. ನಾಯಿಗಳ ಸ್ಪರ್ಧೆಗೆ ತೀರ್ಪು ಕೊಡುವವರನ್ನು ವಿಚಾರಿಸಿ, ಹೇಳಿದ್ದನ್ನು ಬೇಗ ಕಲಿತು ಪಾಲಿಸುವುದರಲ್ಲಿ ಲ್ಯಾಬ್ರಡಾರ್‌ಗೆ 7ನೇ ಸ್ಥಾನ ಕೊಟ್ಟರು. ಅಲ್ಸೇಶಿಯನ್ ಅಂತ ನಾವು ಕರೆಯುವ ಜರ್ಮನ್ ಶೆಫರ್ಡ್‌ಗೆ 3ನೇ ಸ್ಥಾನ. ದಾರಿ ತೋರಿಸುವ ನಾಯಿಗಳ ಮೊದಲ ಶಾಲೆ 1916ರಲ್ಲಿ ಜರ್ಮನಿಯ ಓಲ್ಡೆನ್‌ಬರ್ಗ್‌ನಲ್ಲಿ ಶುರುವಾದಾಗ, ಅದು ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ, ಅಲ್ಲಿ ತರಬೇತಿ ಪಡೆದದ್ದು ಶೆಫರ್ಡ್ ನಾಯಿಗಳೇ. 1928ರಲ್ಲಿ ಅಮೆರಿಕದ ಮಾರಿಸ್ ಫ್ರಾಂಕ್ ಎಂಬ ಯುವಕನ ಜೊತೆ ಹೋದ ಬಡ್ಡಿಯೂ, 1931ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಕೆಲಸಕ್ಕೆ ಇಳಿದ ನಾಲ್ಕು ನಾಯಿಗಳೂ ಅದೇ ಜಾತಿ. ಹಾಗಾದರೆ ಆಮೇಲೆ ಈ ಕೆಲಸಕ್ಕೆ ಲ್ಯಾಬ್ರಡಾರೇ ಹೆಚ್ಚಾಗಿ ಬಂದದ್ದು ಯಾಕೆ?

ಅಂತಹ ನಾಯಿಯ ಬದುಕಿನಲ್ಲಿ ಎಷ್ಟು ಮನೆ ಬದಲಾಗುತ್ತದೆ ನೋಡಿ. ಹುಟ್ಟುವುದು ಹೆಚ್ಚಾಗಿ ಸಂಸ್ಥೆಯ ತಳಿ ಕೇಂದ್ರದಲ್ಲಿ. ಸುಮಾರು 8 ವಾರಕ್ಕೆ ತಾಯಿಯನ್ನು ಬಿಟ್ಟು ಒಂದು ಸಾಕುಮನೆಗೆ. ಅಲ್ಲಿ ಒಂದು ವರ್ಷ, ಒಂದೂಕಾಲು ವರ್ಷ. ಆ ಸಾಕುಮನೆಯವರು ಸಂಬಳಕ್ಕೆ ಮಾಡುವವರಲ್ಲ. ಗೃಹಿಣಿಯರು, ನಿವೃತ್ತರು, ಕಾಲೇಜು ಮಕ್ಕಳು. ಮರಿಗೆ ಶಿಸ್ತು ಕಲಿಸಿ, ಬಸ್ಸು, ಅಂಗಡಿ, ಗದ್ದಲ ಎಲ್ಲ ಪರಿಚಯ ಮಾಡಿಸಿ, ಕೊನೆಗೆ ಅಳುತ್ತಾ ಹಿಂದಕ್ಕೆ ಒಪ್ಪಿಸಿ ಬರುತ್ತಾರೆ. ಸಾಕಿ ಬೇರೆಯವರಿಗೆ ಬಿಟ್ಟುಕೊಡುವ ಆ ಮನಸ್ಸು ಇಲ್ಲದಿದ್ದರೆ ಈ ವ್ಯವಸ್ಥೆಯೇ ನಿಲ್ಲುತ್ತಿರಲಿಲ್ಲ. ಆ ಮೇಲೆ ಕೆಲವು ತಿಂಗಳು ತರಬೇತುದಾರರ ಕೈ. ಸುಮಾರು 2 ವರ್ಷ ಆಗುವಾಗ ಮುಖಪರಿಚಯವೇ ಇಲ್ಲದ ಒಬ್ಬರ ಮನೆ. ಒಬ್ಬ ಯಜಮಾನನಿಗೆ ಗಟ್ಟಿಯಾಗಿ ಅಂಟಿಕೊಳ್ಳುವ ನಾಯಿಗೆ ಇದು ಕಷ್ಟ. ಲ್ಯಾಬ್ರಡಾರ್ ಮಾತ್ರ ಹೊಸ ಕೈಯನ್ನು ಬೇಗ ಒಪ್ಪಿಕೊಳ್ಳುತ್ತದೆ. ನಮ್ಮ ಅಭಿಪ್ರಾಯದಲ್ಲಿ ಅದರ ದೊಡ್ಡ ಬುದ್ಧಿ ಇದೇ, 7ನೇ ರ‍್ಯಾಂಕ್ ಅಲ್ಲ.

ಇನ್ನೊಂದು ಕಾರಣ ಹೇಳಿದರೆ ನಗುತ್ತೀರಿ. ಹೊಟ್ಟೆಬಾಕತನ! 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪರೀಕ್ಷೆ ಮಾಡಿದಾಗ, ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲು ಭಾಗದವಕ್ಕೆ ಹಸಿವು ತಣಿಸುವ ಒಂದು ಜೀನ್‌ನಲ್ಲಿ ಸ್ವಲ್ಪ ಅಂಶ ಇಲ್ಲದ್ದು ಕಂಡುಬಂತು. ಅವು ಪರೀಕ್ಷಿಸಿದ ಸೇವಾ ನಾಯಿಗಳಲ್ಲಿ ಇದು ಮುಕ್ಕಾಲು ಭಾಗದಷ್ಟಕ್ಕೆ ಇತ್ತು. ಒಂದು ತುಂಡು ತಿಂಡಿಗಾಗಿ ಹತ್ತು ಸಲ ಪಾಠ ಒಪ್ಪಿಸುವ ವಿದ್ಯಾರ್ಥಿ ಯಾವ ಟೀಚರಿಗೆ ಬೇಡ? ಆದರೆ ಅದೇ ಗುಣದಿಂದ ಬೊಜ್ಜು ಬರುತ್ತದೆ, ಸೊಂಟ ಮತ್ತು ಕಾಲಿನ ಗಂಟು ಹಾಳಾಗುತ್ತದೆ. ಪಾಪ, ಮುಖ ನೋಡ್ತದೆ ಅಂತ ಹಾಕುವ ಒಂದೊಂದು ದೋಸೆ ಅದರ ಆಯುಸ್ಸಿಗೆ ಕುತ್ತು.

ಈ ನಾಯಿ ಯಜಮಾನನನ್ನು ಊರೆಲ್ಲ ಕರೆದುಕೊಂಡು ಹೋಗುತ್ತದೆ ಎಂಬ ಕಲ್ಪನೆ ಹಲವರಿಗೆ ಇದೆ. ಹಾಗಲ್ಲ. ಎಲ್ಲಿಗೆ ಹೋಗಬೇಕು, ಎಲ್ಲಿ ತಿರುಗಬೇಕು ಎಂದು ಹೇಳುವುದು ಮನುಷ್ಯ. ಸಿಗ್ನಲ್ ದೀಪ ನೋಡಿ ಅರ್ಥ ಮಾಡಿಕೊಳ್ಳಲಿಕ್ಕೆ ನಾಯಿಗೆ ಬರುವುದಿಲ್ಲ. ವಾಹನದ ಸದ್ದು ಕೇಳಿ 'ಮುಂದೆ' ಎಂದು ಹೇಳುವವರು ಅವರೇ. ನಾಯಿಯ ಕೆಲಸ ಕಂಬ, ಹೊಂಡ, ತಲೆಗೆ ಬಡಿಯುವ ಕೊಂಬೆ ತಪ್ಪಿಸುವುದು, ಮೆಟ್ಟಿಲು ಬಂದರೆ ನಿಲ್ಲುವುದು. ಒಂದು ವಿಶೇಷ ಪಾಠವೂ ಉಂಟು. 'ಮುಂದೆ' ಎಂದು ಹೇಳಿದರೂ ಎದುರು ವಾಹನ ಬರುತ್ತಿದ್ದರೆ ಹೋಗದೆ ಗಟ್ಟಿಯಾಗಿ ನಿಲ್ಲುವುದು. ಒಳ್ಳೆಯದಕ್ಕಾಗಿ ಮಾತು ಮೀರುವುದನ್ನು ಕಲಿಸುವುದೇ ಈ ತರಬೇತಿಯ ಕಷ್ಟದ ಭಾಗ.

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಕಟ್ಟಡಗಳಿಗೆ ವಿಮಾನ ಬಡಿದಾಗ, ಕಣ್ಣು ಕಾಣದ ಮೈಕೆಲ್ ಹಿಂಗ್‌ಸನ್ 78ನೇ ಮಹಡಿಯ ಆಫೀಸಿನಲ್ಲಿದ್ದರು. ಅವರ ನಾಯಿ ರೊಸೆಲ್, ಹಳದಿ ಲ್ಯಾಬ್ರಡಾರ್, ಮೇಜಿನ ಕೆಳಗೆ ಮಲಗಿತ್ತು. ಹೊಗೆ, ವಿಮಾನದ ಇಂಧನದ ವಾಸನೆ, ಓಡುವ ಜನ, ಇದೆಲ್ಲದರ ನಡುವೆ ಅದು ಗಾಬರಿಯಾಗದೆ ಅವರ ಜೊತೆ ಮೆಟ್ಟಿಲಿಳಿದು ಹೊರಗೆ ಬಂತು. ನಾಯಿ ಗಾಬರಿಯಾಗದ್ದನ್ನು ನೋಡಿ ಅವರಿಗೂ ಧೈರ್ಯ, ಅವರ ದನಿ ನಡುಗದ್ದನ್ನು ಕೇಳಿ ನಾಯಿಗೂ ಧೈರ್ಯ. ಅದೇ ಕಟ್ಟಡದ 71ನೇ ಮಹಡಿಯಿಂದ ಓಮರ್ ರಿವೇರಾ ಎಂಬವರ ಜೊತೆ ಸಾಲ್ಟಿ ಎಂಬ ಲ್ಯಾಬ್ರಡಾರ್ ಇಳಿದು ಬಂತು. ಎರಡಕ್ಕೂ 2002ರಲ್ಲಿ ಪ್ರಾಣಿಗಳ ಶೌರ್ಯಕ್ಕೆ ಕೊಡುವ ಡಿಕಿನ್ ಪದಕ ಬಂತು.

ಕಣ್ಣು ಕಾಣದವರಿಗೆ ಮಾತ್ರವಲ್ಲ, ಗಾಲಿಕುರ್ಚಿಯಲ್ಲಿ ಇರುವವರಿಗೂ ಸೇವಾ ನಾಯಿ ಇದೆ. ಇಂಗ್ಲೆಂಡಿನ ಅಲೆನ್ ಪಾರ್ಟನ್ ಗಲ್ಫ್ ಯುದ್ಧದಲ್ಲಿ ತಲೆಗೆ ಪೆಟ್ಟಾಗಿ ನೆನಪು ಕಳೆದುಕೊಂಡಿದ್ದರು, ಮಾತು ನಿಂತಿತ್ತು. ಎಂಡಲ್ ಎಂಬ ಲ್ಯಾಬ್ರಡಾರ್ ಅವರ ಕೈಸನ್ನೆಗಳನ್ನೇ ಕಲಿತು ಸಾಮಾನು ತಂದುಕೊಡುತ್ತಿತ್ತು, ಎಟಿಎಂನಿಂದ ಕಾರ್ಡು ಎಳೆದು ಕೊಡುತ್ತಿತ್ತು. 2001ರಲ್ಲಿ ಕಾರು ಬಡಿದು ಅವರು ಪ್ರಜ್ಞೆ ತಪ್ಪಿ ಬಿದ್ದಾಗ ಅವರನ್ನು ಮಗ್ಗುಲಿಗೆ ಹೊರಳಿಸಿ, ಕಾರಿನಡಿಗೆ ಬಿದ್ದ ಫೋನು ತಂದಿಟ್ಟು, ಕಂಬಳಿ ಹೊದಿಸಿ, ಹತ್ತಿರದ ಹೋಟೆಲಿಗೆ ಓಡಿ ಜನ ಕರೆಯಿತು.

ಈಗ ಮುಖ್ಯ ವಿಷಯ, ಇಂತಹ ನಾಯಿ ಮನೆಗೆ ಬರುವ ದಿನ. ಹೊಸದಾಗಿ ಬಂದ ಸೊಸೆಗೆ ಮೊದಲ ದಿನವೇ ಉಪ್ಪಿನ ಡಬ್ಬ ಯಾವುದು ಅಂತ ಗೊತ್ತಿರ್ತದಾ? ನಾಯಿಗೂ ಹಾಗೆಯೇ. ಶಾಲೆಯಲ್ಲಿ ಫಸ್ಟ್ ಕ್ಲಾಸ್ ಪಾಸಾಗಿರಬಹುದು, ಆದರೆ ಈ ಮನೆಯ ಬಾಗಿಲು, ಈ ಬೀದಿಯ ತಿರುವು, ಈ ಯಜಮಾನನ ನಡಿಗೆಯ ವೇಗ ಎಲ್ಲ ಹೊಸತು. ಅದಕ್ಕೇ ಮೊದಲ ಕೆಲವು ವಾರ ತರಬೇತುದಾರರ ಜೊತೆಗೇ ಇಬ್ಬರೂ ಕಲಿಯುತ್ತಾರೆ. ಮನೆಯ ಒಳಗೂ ನಾಯಿ ಯಜಮಾನನ ಹತ್ತಿರವೇ ಇರಬೇಕು. ಊಟ ಹಾಕುವುದು, ಹೊರಗೆ ಕರೆದುಕೊಂಡು ಹೋಗುವುದು, ಮೈ ಬಾಚುವುದು ಎಲ್ಲ ಅವರೇ ಮಾಡಬೇಕು. ನೆಂಟರು, ನೆರೆಯವರು ನೋಡಲಿಕ್ಕೆ ಬರುವುದು ಬೇಡ, ಸ್ವಲ್ಪ ದಿನ ಕಾಯಲಿ. ಇಬ್ಬರಿಗೂ ಪೂರ್ತಿ ನಂಬಿಕೆ ಬರಲು ಆರು ತಿಂಗಳೋ ವರ್ಷವೋ ಬೇಕಾಗುತ್ತದೆ. ನಡುವೆ ನಾಯಿ ತಪ್ಪು ಮಾಡುತ್ತದೆ, ಕಸದ ಬುಟ್ಟಿಗೆ ಮೂಗು ಹಾಕುತ್ತದೆ.

ಇದರಲ್ಲಿ ಹೆಚ್ಚು ಕಷ್ಟ ಯಾರಿಗೆ ಗೊತ್ತುಂಟಾ? ತಾಯಿಗೆ. ಅಷ್ಟು ವರ್ಷ ಕೈ ಹಿಡಿದು ನಡೆಸಿದವಳು ಈಗ ಬಾಗಿಲಲ್ಲಿ ನಿಂತು ಸುಮ್ಮನೆ ನೋಡಬೇಕು. 'ಬಲಗಡೆ ಹೊಂಡ ಉಂಟು ಮಗಾ' ಅಂತ ಕೂಗಬಾರದು, ಕೂಗಿದರೆ ಮಗನಿಗೂ ನಾಯಿಗೂ ಇಬ್ಬರಿಗೂ ಗೊಂದಲ. ಮನೆಯ ಸಣ್ಣ ಮಕ್ಕಳಿಗೂ ಕಷ್ಟವೇ. ಬೆನ್ನಿಗೆ ಹಿಡಿಯಿರುವ ಪಟ್ಟಿ, ಹಾರ್ನೆಸ್ ಅನ್ನುತ್ತಾರೆ, ಅದನ್ನು ಕಟ್ಟಿದರೆ ನಾಯಿ ಡ್ಯೂಟಿಯಲ್ಲಿ ಇದೆ ಎಂದರ್ಥ. ಆಗ ಹೆಸರು ಹಿಡಿದು ಕರೆಯಬಾರದು, ಮುಟ್ಟಬಾರದು, ಬಿಸ್ಕೀಟು ತೋರಿಸಬಾರದು. ಬಸ್ ಡ್ರೈವರನ ಕಣ್ಣು ಮುಚ್ಚಿ ಆಟ ಆಡುತ್ತೇವಾ? ಪಟ್ಟಿ ಬಿಚ್ಚಿದ ಮೇಲೆ ಅದು ಮನೆಯ ನಾಯಿ, ಆಡಲಿ, ಹೊರಳಲಿ.

ಎರಡನೆಯ ನಾಯಿ ಬರುವಾಗ ಬೇರೆಯೇ ನೋವು. 8, 10 ವರ್ಷ ಆಗುವಾಗ ಸೇವಾ ನಾಯಿಗೆ ನಿವೃತ್ತಿ ಕೊಡುತ್ತಾರೆ. ಹಳೆಯದು ಕೆಲವರ ಮನೆಯಲ್ಲೇ ಉಳಿಯುತ್ತದೆ. ಬೆಳಿಗ್ಗೆ ಪಟ್ಟಿ ತೆಗೆದ ಸದ್ದಿಗೆ ಅದು ಎದ್ದು ಬಾಗಿಲಿಗೆ ಬರುತ್ತದೆ, ಪಟ್ಟಿ ಕಟ್ಟುವುದು ಇನ್ನೊಂದಕ್ಕೆ. ಯಜಮಾನನಿಗೂ ಹೊಸ ನಾಯಿಯ ಪ್ರತಿ ಹೆಜ್ಜೆ ಹಳೆಯದರ ಹಾಗೆ ಇಲ್ಲ ಎಂದೇ ಕಾಣುತ್ತದೆ. ಹೊಸದಕ್ಕೆ ಹಳೆಯದರ ಹೆಸರು ಹೇಳಿ ಕರೆಯುವವರೂ ಇದ್ದಾರೆ. ಹೋಲಿಕೆ ಬಿಡುವವರೆಗೆ ಹೊಸ ನಾಯಿ ಕಲಿಯುವುದಿಲ್ಲ, ಕಲಿತರೂ ಅವರಿಗೆ ಕಾಣುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಸಾಲದ ಪ್ರಶ್ನೆಗೆ ಬರುವ. ನಮ್ಮ ಉತ್ತರ: ದಾರಿ ತೋರಿಸಲಿಕ್ಕೆ ಅಂತ ಸಾಲ ತೆಗೆದು ಮರಿ ತರಬೇಡಿ. ಪೇಟೆಯಲ್ಲಿ ಕೊಂಡ ಲ್ಯಾಬ್ರಡಾರ್ ಮರಿ ಸೇವಾ ನಾಯಿ ಅಲ್ಲ, ಅದು ಬರೇ ಮರಿ. ತಂದೆ ತಾಯಿ ನೋಡಿ, ಆರೋಗ್ಯ ನೋಡಿ ಆರಿಸಿ ಬೆಳೆಸಿದ ಮರಿಗಳಲ್ಲೂ ಹಲವು ತರಬೇತಿಯಲ್ಲಿ ಫೇಲಾಗುತ್ತವೆ. ತರಬೇತಿ ಪಡೆದ ನಾಯಿಯನ್ನು ಅಲ್ಲಿ ಯಾರೂ ಸಾಲ ಮಾಡಿ ತರುವುದಿಲ್ಲ. ಖರ್ಚೆಲ್ಲ ದಾನಿಗಳದ್ದು. ಅಮೆರಿಕದ 'ಸೀಯಿಂಗ್ ಐ' ಎಂಬ ಹಳೆಯ ಸಂಸ್ಥೆ ಮೊದಲ ನಾಯಿಗೆ ಪಡೆಯುವುದು 150 ಡಾಲರ್ ಮಾತ್ರ, ಆಮೇಲಿನ ನಾಯಿಗೆ 50. ಬಿಟ್ಟಿ ಕೊಟ್ಟದ್ದಲ್ಲ, ನನ್ನ ಪಾಲೂ ಉಂಟು ಎಂಬ ಮರ್ಯಾದೆಗಾಗಿ. ಸಂಘದಲ್ಲಿ ಇರುವ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

ಅಲ್ಲದೆ ನಮ್ಮ ಬೀದಿ ನೋಡಿ. ಫುಟ್‌ಪಾತ್ ಇಲ್ಲ, ಇದ್ದಲ್ಲಿ ಬೈಕು ನಿಂತಿದೆ, ತಿರುವಿಗೊಂದು ಬೀದಿನಾಯಿಗಳ ಹಿಂಡು. ಎಂತಹ ಶಾಂತ ನಾಯಿಯಾದರೂ ನಾಲ್ಕು ನಾಯಿ ಮೇಲೆ ಬಿದ್ದರೆ ಯಜಮಾನನನ್ನು ನೋಡುವುದಾ, ತನ್ನನ್ನು ನೋಡುವುದಾ? ಬಸ್ಸಿನಲ್ಲಿ ಕಂಡಕ್ಟರ್ ಏನು ಹೇಳುತ್ತಾರೆ ಎಂದು ನೀವೇ ಊಹಿಸಿ. ಎರಡು ಪದರದ ಕೂದಲಿಗೆ ನಮ್ಮ ಸೆಕೆಯೂ ಆಗುವುದಿಲ್ಲ, ಏಪ್ರಿಲ್ ಮಧ್ಯಾಹ್ನದ ಡಾಮರಿಗೆ ಪಾದ ಸುಡುತ್ತದೆ. ಪ್ರೀತಿಗಾಗಿ ಸಾಕುವುದಾದರೆ ಸಾಕಿ. ಹುಚ್ಚುನಾಯಿ ರೋಗದ ಲಸಿಕೆ ವರ್ಷವರ್ಷ ತಪ್ಪಿಸಬೇಡಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟು ಹಾಕಬೇಡಿ, ಇವು ನಾಯಿಗೆ ವಿಷ. ಹತ್ತು ಹನ್ನೆರಡು ವರ್ಷದ ಜವಾಬ್ದಾರಿ ಎಂಬುದು ನೆನಪಿರಲಿ.

ನಿಮ್ಮ ಮಗುವಿಗೆ ಇವತ್ತೇ ಸಿಗಬಹುದಾದದ್ದು ಬಿಳಿ ಕೋಲು ಮತ್ತು ಅದನ್ನು ಹಿಡಿದು ಒಬ್ಬನೇ ನಡೆಯುವ ತರಬೇತಿ. ನಾಯಿ ಕೊಡುವ ಸಂಸ್ಥೆಗಳೂ ಮೊದಲು ಕೇಳುವುದು, ದಾರಿ ಗುರುತಿಟ್ಟು ಒಬ್ಬರೇ ನಡೆಯಲಿಕ್ಕೆ ಬರ್ತದಾ ಅಂತ. ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯು. ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. ಯು.ಡಿ.ಐ.ಡಿ. ಗುರುತಿನ ಚೀಟಿ ಮಾಡಿಸದವರು ಮೊದಲು ಅದನ್ನು ಮಾಡಿಸಿ.

ಬಿಳಿ ಕೋಲಿನವರನ್ನು ರಸ್ತೆ ದಾಟಿಸುವ ಕ್ರಮವನ್ನೂ ಇವತ್ತೇ ಕಲಿಯುವ. ತೋಳು ಹಿಡಿದು ಎಳೆಯಬೇಡಿ, ಕೋಲು ಹಿಡಿದಂತೂ ಎಳೆಯಲೇಬೇಡಿ. 'ಸಹಾಯ ಬೇಕಾ?' ಎಂದು ಕೇಳಿ. ಹೌದೆಂದರೆ ನಿಮ್ಮ ಮೊಣಕೈ ಕೊಡಿ, ಅವರು ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ಮೆಟ್ಟಿಲು ಬಂದರೆ ನಿಂತು, ಮೇಲಕ್ಕೋ ಕೆಳಕ್ಕೋ ಹೇಳಿ. ಮೇಜಿನ ಮೇಲೆ ಬಟ್ಟೆಯ ಪಟ್ಟಿಗಳು ಉಂಟು. ಚಾ ಕುಡಿದು ಇಬ್ಬಿಬ್ಬರಾಗಿ ಅಂಗಳಕ್ಕೆ ಬನ್ನಿ, ಒಬ್ಬರು ಕಣ್ಣು ಕಟ್ಟಿಕೊಳ್ಳಿ, ಇನ್ನೊಬ್ಬರು ಮೊಣಕೈ ಕೊಡಿ. ಬಾವಿಕಟ್ಟೆಯವರೆಗೆ ಹೋಗಿ ಬರುವ.