ಎಂಜಿನ್ ಕದ್ದು ಕುಡಿಯುವ ಗಾಳಿ

ನಿಮ್ಮಲ್ಲಿ ಹಳೆಯ ಕಾರ್ಬುರೇಟರ್ ಕಾರು ಇದ್ದರೆ ಇವತ್ತಿನ ಮಾತು ನಿಮಗೆ. ತಾಳವಾಡಿಯ ನಮ್ಮ ಬೀದಿಯಲ್ಲಿ ಅಂಥದೊಂದು ಬಾಡಿಗೆ ಕಾರಿತ್ತು. ಹೆರಿಗೆಯೋ, ಹಾವು ಕಡಿತವೋ, ರಾತ್ರಿ ಚಾಮರಾಜನಗರಕ್ಕೆ ಓಡಬೇಕಾದರೆ ಬೀದಿಗೆಲ್ಲ ಅದೇ ಗತಿ. ಒಂದು ದಿನ ಅದು ನಿಂತಲ್ಲಿ ಗಡಗಡ ನಡುಗತೊಡಗಿತು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಆಫ್. ಓಡುವಾಗ ಅಷ್ಟೇನೂ ತೊಂದರೆಯಿಲ್ಲ. ಮೆಕ್ಯಾನಿಕ್ ಪ್ಲಗ್ ಬದಲಿಸಿದ, ಪಾಯಿಂಟ್ ಬದಲಿಸಿದ, ಕಾರ್ಬುರೇಟರ್ ತೊಳೆದ. ಕೊನೆಗೆ ‘ಎಂಜಿನ್ನೇ ಬಿಚ್ಚಬೇಕು’ ಅಂದುಬಿಟ್ಟ. ಕಾರಿನವನು ಹೆಂಡತಿಯ ಸರ ಅಡವಿಡಲು ಹೊರಟ. ಬ್ಯಾಂಕಿನಲ್ಲಿದ್ದವನಾದ್ದರಿಂದ ಸಾಲದ ಬಗ್ಗೆ ಕೇಳಲು ನನ್ನ ಬಳಿ ಬಂದ. ‘ತಡಿಯಪ್ಪಾ, ಇನ್ನೊಂದು ಜಾಗ ನೋಡೋಣ’ ಅಂದೆ.

ಕಾರ್ಬುರೇಟರಿನಲ್ಲಿ ಬೆರೆತ ಗಾಳಿ, ಪೆಟ್ರೋಲನ್ನು ಸಿಲಿಂಡರುಗಳಿಗೆ ಹಂಚುವ ಕವಲು ಕೊಳವೆಯೇ ಇನ್‌ಟೇಕ್ ಮ್ಯಾನಿಫೋಲ್ಡ್. ತೂಕದ ಲೆಕ್ಕದಲ್ಲಿ 1 ಭಾಗ ಪೆಟ್ರೋಲಿಗೆ ಸುಮಾರು 15 ಭಾಗ ಗಾಳಿ ಬೇಕು. ಈ ಕೊಳವೆ ಎಂಜಿನ್ನಿಗೆ ಕೂಡುವಲ್ಲಿ ಗ್ಯಾಸ್ಕೆಟ್ ಹರಿದರೆ, ಅಥವಾ ಅದಕ್ಕೆ ಸೇರಿದ ರಬ್ಬರ್ ಪೈಪು ಬಿರಿದರೆ, ಹೊರಗಾಳಿ ಒಳನುಗ್ಗುತ್ತದೆ. ಚಲನ್ ಇಲ್ಲದೆ ಕೌಂಟರಿಗೆ ಬಂದ ಹಣದಂತೆ ಅದು. ಸಂಜೆ ಲೆಕ್ಕ ಕೂಡುವುದೇ ಇಲ್ಲ. ಗಾಡಿ ನಿಂತಿದ್ದಾಗ ಕಾರ್ಬುರೇಟರಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ, ಒಳಗಿನ ಎಳೆತ ಜೋರಾಗಿರುತ್ತದೆ. ಕಳ್ಳಗಾಳಿಯ ಕಾಟ ಆಗಲೇ ಹೆಚ್ಚು. ಓಡುವಾಗ ಮರೆಯಾಗುತ್ತದೆ. ಹಾಗೆಂದು ಸುಮ್ಮನೆ ಬಿಟ್ಟರೆ ಎಂಜಿನ್ ಕಾದು ವಾಲ್ವು ಸುಡಬಹುದು.

ಮೊದಲು, ಬಿಸಿಯಾದ ಎಂಜಿನ್ ನಡುಗುತ್ತಿರುವಾಗ ಚೋಕನ್ನು ಕೊಂಚ ಎಳೆದು ನೋಡಿ. ನಡುಕ ಇಳಿದರೆ ಗಾಳಿ ಹೆಚ್ಚಾಗಿದೆ ಎಂದು ತಿಳಿಯಿರಿ. ಜೆಟ್ಟಿನಲ್ಲಿ ಕಸ ಕಟ್ಟಿದರೂ ಹೀಗಾಗುತ್ತದೆ, ಆದರೆ ನಮ್ಮಲ್ಲಿ ಅದನ್ನು ತೊಳೆದಾಗಿತ್ತು. ಆಮೇಲೆ ಮೊಳದುದ್ದದ ರಬ್ಬರ್ ಟ್ಯೂಬಿನ ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ಜೋಡಣೆಯ ಉದ್ದಕ್ಕೂ ಆಡಿಸಿ. ಸೋರುವಲ್ಲಿ ‘ಸುಯ್’ ಎನ್ನುತ್ತದೆ. ಫ್ಯಾನು, ಬೆಲ್ಟುಗಳಿಂದ ಕೈ, ಪಂಚೆ ದೂರವಿರಲಿ. ಕೆಲವರು ಪೆಟ್ರೋಲ್ ಚಿಮುಕಿಸಿ ನೋಡುತ್ತಾರೆ. ಖಂಡಿತ ಬೇಡ, ಬೆಂಕಿ ಹತ್ತುತ್ತದೆ! ಸಾಬೂನು ನೀರು ಸಾಕು. ಅದನ್ನೂ ಕಾದ ಎಂಜಿನ್ನಿಗೆ ಸುರಿಯಬೇಡಿ, ಬಿಸಿ ಬೀಡುಕಬ್ಬಿಣ ಸೀಳೀತು. ಬೆಳಿಗ್ಗೆ ತಣ್ಣಗಿದ್ದಾಗ ಚಾಲೂ ಮಾಡಿ, ಕೂಡಲೇ ಬ್ರಷ್ಷಿನಿಂದ ಹಚ್ಚಿ. ಪಂಕ್ಚರಿನ ಹಾಗೆ ಇಲ್ಲಿ ಗುಳ್ಳೆ ಏಳುವುದಿಲ್ಲ. ಬಿರುಕು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಎಂಜಿನ್ನಿನ ಸದ್ದು ಅರೆಗಳಿಗೆ ಬದಲಾಗುತ್ತದೆ.

ನಮ್ಮ ಕಾರಿನಲ್ಲಿ ಕೊನೆಯ ಸಿಲಿಂಡರಿನ ಹತ್ತಿರ ಬ್ರಷ್ ಹೋದಾಗ ಸದ್ದು ಬದಲಾಯಿತು. ಮೆಕ್ಯಾನಿಕ್ಕನ್ನೇ ಕರೆಸಿ ತೋರಿಸಿದೆವು. ಆತ ಬೇಸರಪಡಲಿಲ್ಲ, ಅದು ದೊಡ್ಡ ಮಾತು. ಹೊಸ ಗ್ಯಾಸ್ಕೆಟ್ ಹಾಕಿ, ನಟ್ಟುಗಳನ್ನು ನಡುವಿನಿಂದ ಅಂಚಿಗೆ ಸ್ವಲ್ಪ ಸ್ವಲ್ಪವಾಗಿ ಬಿಗಿದ.

ಸರ ಕೊರಳಲ್ಲೇ ಉಳಿಯಿತು. ಮರುವಾರ ಆ ಕಾರು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಸತ್ಯಮಂಗಲ ಮುಟ್ಟಿ, ಸಂಜೆಗೆ ಹತ್ತಿ ಬಂತು.