ಸಿಖ್ಖರ ಪಂಚ ಕಕಾರಗಳು ಮತ್ತು ನಿತ್ಯಜೀವನ



ಪಂಜಾಬವು ನಮಗೆ ದೂರದ ನಾಡು. ಆದರೂ ಸಿಖ್ಖರ ಧರ್ಮಚರಿತ್ರೆಯ ಒಂದು ಮಹಾದಿನದೊಡನೆ ನಮ್ಮ ಬೀದರಿನ ಹೆಸರು ಸೇರಿಕೊಂಡಿರುವುದು. 1699ನೆಯ ಇಸವಿಯ ವೈಶಾಖಿಯಂದು ಆನಂದಪುರದಲ್ಲಿ ನೆರೆದ ಜನಸ್ತೋಮದ ಮುಂದೆ ಹತ್ತನೆಯ ಗುರುಗಳಾದ ಗೋವಿಂದಸಿಂಹರು ಬಿಚ್ಚುಗತ್ತಿಯನ್ನು ಹಿಡಿದು ನಿಂತು, ಧರ್ಮಕ್ಕಾಗಿ ತಲೆಯನ್ನೊಪ್ಪಿಸುವವರಾರೆಂದು ಕೇಳಿದರೆಂಬುದು ಪ್ರಸಿದ್ಧವಾದ ಕಥೆ. ಒಬ್ಬರಾದ ಮೇಲೊಬ್ಬರು ಐವರು ಎದ್ದು ಬಂದರು. ಅವರಲ್ಲೊಬ್ಬನು ಬೀದರಿನ ಸಾಹಿಬಚಂದ. ಪರಂಪರೆಯ ಪ್ರಕಾರ ಕುಲದಿಂದ ಕ್ಷೌರಿಕನು.

ಇಲ್ಲಿ ಸ್ವಲ್ಪ ನಿಂತು ಯೋಚಿಸತಕ್ಕದ್ದುಂಟು. ಕತ್ತರಿ ಬಾಚಿಗಳ ಕುಲದಲ್ಲಿ ಹುಟ್ಟಿದವನು ಕೂದಲಿಗೆ ಕತ್ತಿಯನ್ನು ಸೋಂಕಿಸದ ಸಮುದಾಯವೊಂದರ ಮೊದಲ ಐವರಲ್ಲಿ ಒಬ್ಬನಾದನು. ಸಾಹಿಬಸಿಂಹನೆಂಬ ಹೆಸರನ್ನು ಪಡೆದು, ಕೆಲವೇ ವರ್ಷಗಳಲ್ಲಿ ಚಮಕೌರಿನ ಕಾಳಗದಲ್ಲಿ ಮಡಿದನು. ಅದಕ್ಕಿಂತಲೂ ಅಚ್ಚರಿಯ ಸಂಗತಿಯೆಂದರೆ, ಆ ಐವರಿಗೆ ಅಮೃತದೀಕ್ಷೆಯನ್ನಿತ್ತ ಗುರುವು ತಾನೇ ಕೈಮುಗಿದು ಆ ಐವರಿಂದ ಅದೇ ದೀಕ್ಷೆಯನ್ನು ಬೇಡಿ ಪಡೆದನು. ಗುರುವು ಶಿಷ್ಯನಾದುದನ್ನು ನಾವು ಗ್ರಂಥಗಳಲ್ಲಿ ಓದುವುದುಂಟು, ಕಾಣುವುದು ಅಪರೂಪ.

ಅಂದಿನಿಂದ ಖಾಲ್ಸಾ ದೀಕ್ಷೆಯನ್ನು ಪಡೆದವರು, ಗಂಡಸರಾಗಲಿ ಹೆಂಗಸರಾಗಲಿ, ಕೇಶ, ಕಂಘಾ, ಕಡಾ, ಕಛೇರಾ, ಕೃಪಾಣ ಎಂಬ ಐದನ್ನು ಧರಿಸತಕ್ಕದ್ದು. ಹೊರಗಿನವರು ಇವನ್ನು ಲಾಂಛನಗಳೆನ್ನುವರು. ನನ್ನ ಮಟ್ಟಿಗೆ ಆ ಮಾತು ಸಾಲದು. ಲಾಂಛನವನ್ನು ಒಮ್ಮೆ ತೊಟ್ಟರೆ ತೀರಿತು. ಇವಾದರೋ ದಿನದಿನವೂ ದುಡಿಮೆಯನ್ನು ಬೇಡುವ ವಸ್ತುಗಳು.

ಕೇಶವನ್ನೂ ಕಂಘಾ ಎಂಬ ಮರದ ಬಾಚಣಿಗೆಯನ್ನೂ ಕೂಡಿಸಿಯೇ ನೋಡಬೇಕು. ಕೂದಲನ್ನು ಬೆಳೆಯಬಿಟ್ಟ ತಪಸ್ವಿಗಳು ನಮ್ಮ ದೇಶದಲ್ಲಿ ಎಷ್ಟೋ ಮಂದಿ. ಅವರ ಜಡೆ ಲೋಕವನ್ನು ಬಿಟ್ಟುದರ ಗುರುತು. ಸಿಖ್ಖನು ಕೂದಲನ್ನು ದೇವರು ಕೊಟ್ಟಂತೆಯೇ ಉಳಿಸಿಕೊಂಡು, ದಿನಕ್ಕೆರಡು ಸಲ ಬಾಚಿ, ಸಿಕ್ಕು ಬಿಡಿಸಿ, ಗಂಟುಕಟ್ಟಿ, ಬಾಚಣಿಗೆಯನ್ನು ಆ ಗಂಟಿನಲ್ಲಿಯೇ ಸಿಕ್ಕಿಸಿಕೊಳ್ಳುವನು. ಜಡೆಗಟ್ಟಲು ಅಲ್ಲಿ ಎಡೆಯಿಲ್ಲ. ಅವನು ಹೆಂಡತಿ ಮಕ್ಕಳೊಡನಿದ್ದು, ಬೆವರಿನಿಂದ ಗಳಿಸಿ, ಗಳಿಸಿದುದನ್ನು ಹಂಚಿ ಉಣ್ಣತಕ್ಕ ಗೃಹಸ್ಥನು. ಇಷ್ಟನ್ನು ಒಂದು ಬಾಚಣಿಗೆಯು ಬೆಳಗಿನ ಜಾವದಲ್ಲಿಯೇ ನೆನಪಿಗೆ ತರುವುದು.

ಕಡವು ಕಬ್ಬಿಣದ್ದು ಅಥವಾ ಉಕ್ಕಿನದು. ಚಿನ್ನದ್ದಾಗಿದ್ದರೆ ಅದು ಒಡವೆಯಾಗಿ, ಸಾಹುಕಾರನ ಕೈಯನ್ನು ಬಡವನ ಕೈಯಿಂದ ಬೇರ್ಪಡಿಸುತ್ತಿತ್ತು. ತಕ್ಕಡಿ ಹಿಡಿವ ಕೈಗೂ ಲೆಕ್ಕ ಬರೆವ ಕೈಗೂ ಅದು ಎದುರಿಗೇ ಕಾಣುವುದು. ಕಛೇರಾ ಎಂಬ ಹೊಲಿದ ಚಲ್ಲಣವು ಇಂದ್ರಿಯನಿಗ್ರಹದ ಕುರುಹು. ಕೃಪಾಣದ ಹೆಸರಿನಲ್ಲಿ ಕೃಪೆಯನ್ನೂ ಮಾನವನ್ನೂ ಸಿಖ್ಖರು ಕಾಣುವರು. ದುರ್ಬಲರ ರಕ್ಷಣೆಗಲ್ಲದೆ ಅದು ಒರೆಯಿಂದ ಹೊರಬರಕೂಡದು. ಆನಂದಪುರದ ರಣಭೂಮಿಯಲ್ಲಿ ಭಾಯಿ ಕನ್ಹಯ್ಯನೆಂಬವನು ಗಾಯಗೊಂಡ ವೈರಿಗಳಿಗೂ ನೀರು ಕುಡಿಸುತ್ತಿದ್ದನೆಂದು ಗುರುಗಳ ಬಳಿಗೆ ದೂರು ಹೋಯಿತಂತೆ. ಗುರುಗಳು ಅವನ ಕೈಗೆ ಗಾಯದ ಮುಲಾಮನ್ನೂ ಕೊಟ್ಟು ಕಳುಹಿದರೆಂದು ಹೇಳುವರು. ಕೃಪಾಣದ ವ್ಯಾಖ್ಯಾನಕ್ಕೆ ನನಗೆ ಇಷ್ಟು ಸಾಕೆನಿಸುವುದು.

ಇನ್ನೊಂದು ಪ್ರಶ್ನೆಯು ಏಳದಿರದು. ಗುರು ನಾನಕರು ಬಾಲ್ಯದಲ್ಲಿಯೇ ಜನಿವಾರವನ್ನು ನಿರಾಕರಿಸಿದರೆಂದು ಪ್ರತೀತಿ. ಬಾಹ್ಯಾಡಂಬರವನ್ನು ಅವರು ಬಾಳುದ್ದಕ್ಕೂ ಖಂಡಿಸಿದರು. ಅವರ ಪೀಠದಲ್ಲಿ ಹತ್ತನೆಯವರು ಒಂದಲ್ಲ, ಐದು ಹೊರಗುರುತುಗಳನ್ನು ವಿಧಿಸಿದುದು ಹೇಗೆ? ಅಂಗದ ಮೇಲೆ ಲಿಂಗವನ್ನು ಧರಿಸುವ ಈ ಸಭೆಗೆ ಈ ಪ್ರಶ್ನೆಯು ಹೊಸದಲ್ಲ. ನನಗೆ ತೋರುವ ಉತ್ತರವಿದು: ಕುಲಕ್ಕೆ ಮೇಲ್ಮೆಯನ್ನು ಕೊಡುವ ಗುರುತು ಬೇರೆ, ಹೊತ್ತವನ ಮೇಲೆ ಹೊಣೆಯನ್ನು ಹೇರುವ ಗುರುತು ಬೇರೆ. ಲಾಹೋರಿನ ಖತ್ರಿಗೂ ಬೀದರಿನ ಕ್ಷೌರಿಕನಿಗೂ ಒಂದೇ ಆದ ಚಿಹ್ನೆಯಲ್ಲಿ ಕುಲದ ಹೆಮ್ಮೆಗೆ ಆಸ್ಪದವೆಲ್ಲಿ?

ಹೊಣೆಯ ಸ್ವರೂಪವನ್ನು ಇತಿಹಾಸವೇ ಹೇಳುವುದು. 1675ರಲ್ಲಿ ದೆಹಲಿಯ ಚಾಂದನಿ ಚೌಕದಲ್ಲಿ ಒಂಬತ್ತನೆಯ ಗುರು ತೇಗ್ ಬಹದ್ದೂರರ ಶಿರಚ್ಛೇದವಾದಾಗ ಅನುಯಾಯಿಗಳಲ್ಲಿ ಅನೇಕರು ಜನಜಂಗುಳಿಯಲ್ಲಿ ಅಡಗಿಹೋದರೆಂದೂ, ಭಾಯಿ ಜೈತಾ ಎಂಬ ಕೀಳ್ಜಾತಿಯೆನಿಸಿಕೊಂಡವನು ಆ ಶಿರಸ್ಸನ್ನು ಆನಂದಪುರಕ್ಕೆ ಹೊತ್ತು ತಂದನೆಂದೂ ಪರಂಪರೆಯು ಹೇಳುವುದು. ಇನ್ನು ಮುಂದೆ ನನ್ನವರು ಸಾವಿರ ಜನರ ನಡುವೆಯೂ ಅಡಗಲಾರದಂತೆ ಮಾಡುವೆನೆಂದು ಮಗನು ನಿಶ್ಚಯಿಸಿದನಂತೆ.

ಅಡಗಲಾರದವನ ಬಾಳು ಸುಲಭವಲ್ಲ. ಸಂತೆಯಲ್ಲಿ ಅವನೊಬ್ಬನು ತೂಕದಲ್ಲಿ ಮೋಸಮಾಡಿದರೆ ಪಂಥಕ್ಕೆಲ್ಲ ಅಪಕೀರ್ತಿ. ಆಪತ್ತಿನಲ್ಲಿರುವ ಅಪರಿಚಿತನು ಗುಂಪಿನಲ್ಲಿ ಪೇಟವನ್ನು ಕಂಡು ಅಲ್ಲಿಗೇ ಬಂದರೆ ಇವನು ಮುಖ ತಿರುಗಿಸುವಂತಿಲ್ಲ. ದ್ವೇಷದ ಕಣ್ಣಿಗೂ ಅವನೇ ಮೊದಲು ಬೀಳುವನು. 1984ರ ನವೆಂಬರಿನಲ್ಲಿ ದೆಹಲಿಯ ಬೀದಿಗಳಲ್ಲಿ ಆ ಪೇಟವನ್ನು ಕಂಡೇ ಜನರನ್ನು ಹಿಡಿದು ಸುಟ್ಟರು. ಪ್ರಾಣ ಉಳಿಸಿಕೊಳ್ಳಲು ಎಷ್ಟೋ ಮಂದಿ ಕೂದಲನ್ನು ಕತ್ತರಿಸಿಕೊಂಡರು. ಮಕ್ಕಳ ಕೂದಲನ್ನು ತಾಯಂದಿರೇ ಕತ್ತರಿಸಿದ ಮನೆಗಳೂ ಉಂಟು. ಅವರು ಸೋತರೆನ್ನಲು ಸುರಕ್ಷಿತರಾಗಿ ಕುಳಿತ ನಮಗೆ ಅಧಿಕಾರವಿಲ್ಲ. 2001ರ ಸೆಪ್ಟೆಂಬರ್ 15ರಂದು ಅಮೆರಿಕದ ಅರಿಜೋನಾ ಪ್ರಾಂತದಲ್ಲಿ, ಅವನಾವ ತಪ್ಪನ್ನೂ ಮಾಡದಿದ್ದ ಸಿಖ್ ವ್ಯಾಪಾರಿಯೊಬ್ಬನನ್ನು, ಪೇಟ ಗಡ್ಡಗಳನ್ನು ನೋಡಿ ಶತ್ರುವೆಂದು ಬಗೆದು ಗುಂಡಿಕ್ಕಿ ಕೊಂದರು.

ನಮ್ಮ ರಾಜ್ಯಾಂಗದ 25ನೆಯ ವಿಧಿಯು ಕೃಪಾಣಧಾರಣೆಯನ್ನು ಸಿಖ್ ಧರ್ಮಾಚರಣೆಯ ಅಂಗವೆಂದು ಸ್ಪಷ್ಟವಾಗಿ ಒಪ್ಪಿರುವುದು. ಕೆನಡಾದಲ್ಲಿ ಒಬ್ಬ ಶಾಲಾಬಾಲಕನ ಕೃಪಾಣವನ್ನು ಶಾಲೆಯವರು ತಡೆದಾಗ, ವ್ಯಾಜ್ಯವು ಅಲ್ಲಿಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಪೂರ್ಣ ನಿಷೇಧವು ಸಲ್ಲದೆಂದು 2006ರಲ್ಲಿ ತೀರ್ಪಾಯಿತು. ಒರೆಯಲ್ಲಿಟ್ಟು, ಬಟ್ಟೆಯಲ್ಲಿ ಹೊಲಿದು, ಉಡುಪಿನೊಳಗೆ ಧರಿಸಬೇಕೆಂಬ ಕಟ್ಟಳೆಗಳು ಉಳಿದವು. ಸುಲಭವಾಗಿ ಹೊರತೆಗೆಯಲಾಗದ ಆಯುಧವನ್ನು ಧರಿಸಲು ಒಬ್ಬ ಹುಡುಗನು ವರ್ಷಗಟ್ಟಲೆ ಹೋರಾಡಿದನು!

ಇಂದು ಕೂದಲನ್ನು ಕತ್ತರಿಸಿಕೊಳ್ಳುವ ಸಿಖ್ ತರುಣರು ಕಡಮೆಯಿಲ್ಲ. ಅದು ಅವರ ಹಿರಿಯರ ದೊಡ್ಡ ಚಿಂತೆ. ಉಳಿಸಿಕೊಂಡವರ ಮನೆಗಳಲ್ಲಿಯೂ ಅದು ಒಬ್ಬರಿಂದಲೇ ನಡೆವ ಕೆಲಸವಲ್ಲ. ಪೇಟದ ಬಟ್ಟೆಯು ಹಲವು ಮೊಳಗಳಷ್ಟು ಉದ್ದ. ಸುತ್ತುವ ಮೊದಲು ಅದನ್ನು ಎಳೆದು ಹಿಡಿದು ಮಡಿಸಬೇಕು. ಬೆಳಗ್ಗೆ ಕೆಲಸಕ್ಕೆ ಹೊರಡುವ ತಂದೆಯು ಒಂದು ತುದಿಯನ್ನು ಹಿಡಿದು ನಿಂತು ಕೂಗುವನು. ಮಗಳೋ ಹೆಂಡತಿಯೋ ಕೈಯೊಳಗಿನ ಕೆಲಸವನ್ನು ಬಿಟ್ಟು ಬಂದು ಇನ್ನೊಂದು ತುದಿಯನ್ನು ಹಿಡಿವರು.