ಹಿತ್ತಲಿಗೆ ಬಂದ ಅಪರಿಚಿತೆ

ನಮ್ಮ ಹಿತ್ತಲ ಕಟ್ಟೆಯ ಮೇಲೆ ಹಕ್ಕಿಗಳಿಗೆಂದು ಬೋಗುಣಿಯಲ್ಲಿ ನೀರು, ಪಕ್ಕದಲ್ಲಿ ಹಣ್ಣಿನ ಹೋಳು ಇಡುವುದು ರೂಢಿ. ಮೊನ್ನೆ ಬೆಳಿಗ್ಗೆ ಪಪ್ಪಾಯಿ ತಿನ್ನಲು ಗುರುತಿಲ್ಲದ ಹಕ್ಕಿಯೊಂದು ಬಂತು. ಕಂದು ಮೈ. ಮೈ ತುಂಬ ಬಿಳಿ ಚುಕ್ಕೆ. ಬಾಲಕ್ಕೆ ಅಡ್ಡಪಟ್ಟೆ. ಕೆಂಡದಂಥ ಕಣ್ಣು.

ಯಾವ ಹಕ್ಕಿ ಇದು?

ಸಲೀಂ ಅಲಿ ಅವರು 1941ರಲ್ಲಿ ಹೊರತಂದ ಭಾರತದ ಹಕ್ಕಿಗಳ ಪುಸ್ತಕದಲ್ಲಿ ಒಂದು ಸರಳ ದಾರಿಯಿದೆ. ಗೊತ್ತಿಲ್ಲದ ಹಕ್ಕಿಯ ಗಾತ್ರವನ್ನು ಗೊತ್ತಿರುವ ಹಕ್ಕಿಯ ಜೊತೆ ಹೋಲಿಸುವುದು. ಗುಬ್ಬಿಯಷ್ಟೋ, ಮೈನಾದಷ್ಟೋ, ಕಾಗೆಯಷ್ಟೋ? ನಾನೂ ಹಾಗೆಯೇ ನೋಡಿದೆ. ಹೆಚ್ಚುಕಡಿಮೆ ಕಾಗೆಯಷ್ಟು. ಆದರೆ ಮೈ ಸಪೂರ, ಬಾಲ ನೀಳ. ಬಣ್ಣ ನೋಡಿ ಗೊಂದಲವಾಗಿದ್ದವನಿಗೆ ಆಕಾರ ದಾರಿ ತೋರಿಸಿತು.

ಅದು ಹೆಣ್ಣು ಕೋಗಿಲೆ.

ಕೋಗಿಲೆ ಎಂದರೆ ನಮಗೆ ಕಪ್ಪು. ಕೋಗಿಲೆ ಎಂದರೆ ಇಂಪು. ಆದರೆ ಆ ಕಪ್ಪು ಬಣ್ಣವೂ ಕುಹೂ ದನಿಯೂ ಗಂಡಿನವು. ಹೆಣ್ಣಿನದು ಕಿಕ್ ಕಿಕ್ ಎಂಬ ಚುರುಕು ಕೂಗು. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಬರುವವಳು ಇವಳೇ. ಎಷ್ಟು ಬೇಸಿಗೆ ಆ ಹಾಡು ಕೇಳಿ ಸಂತೋಷಪಟ್ಟಿದ್ದೇನೆ! ಹಾಡು ಯಾರಿಗಾಗಿ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಈ ಸಲ ಮಾವಿನ ಮರದಿಂದ ಕುಹೂ ಕೇಳಿಸಿದರೆ ಒಂದು ಗಳಿಗೆ ನಿಲ್ಲಿ. ಎಲೆಗಳ ನಡುವೆ ಚುಕ್ಕೆ ಮೈಯ ಹಕ್ಕಿಯೊಂದನ್ನು ಹುಡುಕಿ ನೋಡಿ.